ಬಾಲಿಯಲ್ಲಿ ಎಟಿವಿ, ಬಗ್ಗಿ ಸವಾರಿ: ಸ್ಕೂಟರ್ ಓಡಿಸುವವರು ಮೊದಲು ಓದಬೇಕಾದ್ದು

ಬೆಂಗಳೂರಿನಿಂದ ಬಾಲಿಯ ದೆನ್‌ಪಸಾರ್‌ಗೆ 2024ರಲ್ಲಿ ನೇರ ವಿಮಾನ ಶುರುವಾದ ಮೇಲೆ ನನಗೆ ಬರುವ ಪ್ರಶ್ನೆಗಳೇ ಬದಲಾಗಿವೆ. ಮೊದಲೆಲ್ಲ ಬಾಲಿಗೆ ಹೋಗೋದು ಹೇಗೆ ಅಂತ ಕೇಳುತ್ತಿದ್ದರು. ಈಗ ಟಿಕೆಟ್ ಮಾಡಿಸಿಕೊಂಡೇ ಕೇಳುತ್ತಾರೆ: "ಉಬುದ್ ಕಡೆ ಕೆಸರಿನಲ್ಲಿ ನಾಲ್ಕು ಚಕ್ರದ ಗಾಡಿ ಓಡಿಸ್ತಾರಲ್ಲ, ನಮಗೂ ಆಗುತ್ತಾ? ಲೈಸೆನ್ಸ್ ಬೇಕಾ? ಅಮ್ಮನ್ನ ಕೂರಿಸಬಹುದಾ? ಬಟ್ಟೆ ಏನು ಹಾಕ್ಕೊಳ್ಳೋದು?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಈ ಪ್ರಶ್ನೆಗಳಿಗೆಲ್ಲ ಉತ್ತರ ಸುಲಭ. ನನಗೆ ದಿಗಿಲು ಹುಟ್ಟಿಸುವುದು ಪ್ರಶ್ನೆಯಲ್ಲ, ಅದರ ಜೊತೆಗೆ ಬರುವ ಇನ್ನೊಂದು ಮಾತು: "ಇಪ್ಪತ್ತು ವರ್ಷದಿಂದ ಸ್ಕೂಟರ್ ಓಡಿಸ್ತಿದೀನಿ, ಇದೇನ್ ಮಹಾ." ಏನೂ ಓಡಿಸಲು ಬಾರದವರು ಗೈಡ್ ಹೇಳಿದ್ದನ್ನು ಕಿವಿಗೊಟ್ಟು ಕೇಳಿ ಕ್ಷೇಮವಾಗಿ ಬರುತ್ತಾರೆ. ಸ್ಕೂಟರ್ ಬಲ್ಲವರು ಕೇಳುವುದಿಲ್ಲ. ಕೇಳಿದರೂ ಅವರ ಕೈಕಾಲು ಕೇಳುವುದಿಲ್ಲ. ಹೆದರಿದಾಗ ಕಾಲು ಊರುವುದು, ಹ್ಯಾಂಡಲ್ ಬಿಗಿಯಾಗಿ ಹಿಡಿಯುವುದು, ತಿರುವಿನಲ್ಲಿ ಗಾಡಿಯನ್ನೇ ವಾಲಿಸುವುದು: ಸ್ಕೂಟರ್ ನಮ್ಮ ಮೈಗೆ ಕಲಿಸಿದ ಈ ಮೂರೂ ಅಭ್ಯಾಸ ಎಟಿವಿ ಎಂಬ ಆ ನಾಲ್ಕು ಚಕ್ರದ ಗಾಡಿಯ ಮೇಲೆ ತಪ್ಪು. ಯಾಕೆ ಎನ್ನುವುದು 6ನೇ ಹಂತದಲ್ಲಿದೆ. ಪುರುಸೊತ್ತಿಲ್ಲದವರು ಅದೊಂದನ್ನಾದರೂ ಓದಿಕೊಂಡು ಹೋಗಿ.

ಹಂತ 1: ಎಟಿವಿಯೋ ಬಗ್ಗಿಯೋ ತೀರ್ಮಾನಿಸಿ

ಜಾಹೀರಾತುಗಳಲ್ಲಿ ಎರಡನ್ನೂ ಒಂದೇ ಎನ್ನುವಂತೆ ಬರೆದಿರುತ್ತಾರೆ. ಎರಡೂ ಬೇರೆ ಬೇರೆ ಗಾಡಿ.

ಎಟಿವಿ ಎಂದರೆ ಬೈಕಿನ ಹಾಗೆ ಕಾಲು ಎರಡೂ ಕಡೆ ಹಾಕಿ ಕೂರುವ ನಾಲ್ಕು ಚಕ್ರದ ಗಾಡಿ. ಕೆಲವರು ಕ್ವಾಡ್ ಬೈಕ್ ಎನ್ನುತ್ತಾರೆ. ಹ್ಯಾಂಡಲ್ ಇದೆ, ಸ್ಟಿಯರಿಂಗ್ ಇಲ್ಲ. ಸುತ್ತ ಯಾವ ಚೌಕಟ್ಟೂ ಇಲ್ಲ, ಬೆಲ್ಟ್ ಇಲ್ಲ. ಮಗುಚಿದರೆ ನೀವು ಒಂದು ಕಡೆ, ಗಾಡಿ ಒಂದು ಕಡೆ ಬಿದ್ದರೆ ಪುಣ್ಯ. ಗಾಡಿಯ ತೂಕ ಇನ್ನೂರು ಕಿಲೋ ಆಸುಪಾಸು ಇರುವುದರಿಂದ ಅದು ನಿಮ್ಮ ಮೇಲೆಯೇ ಬರಬಾರದು, ಅಷ್ಟೇ.

ಬಗ್ಗಿಯಲ್ಲಿ ಕಾರಿನ ಹಾಗೆ ಪಕ್ಕಪಕ್ಕ ಕೂರುತ್ತೀರಿ. ಸ್ಟಿಯರಿಂಗ್, ಕಾಲಡಿ ಬ್ರೇಕ್ ಮತ್ತು ಆಕ್ಸಿಲರೇಟರ್, ತಲೆಯ ಮೇಲೆ ಕಬ್ಬಿಣದ ಕೊಳವೆಗಳ ಪಂಜರ, ಭುಜದ ಮೇಲಿಂದ ಬರುವ ಬೆಲ್ಟ್ ಎಲ್ಲ ಇರುತ್ತದೆ. ಕೆಲವು ಕಡೆ ಇದನ್ನು ಯುಟಿವಿ ಎಂದು ಬರೆದಿರುತ್ತಾರೆ. ಬೆಲೆ ಹೆಚ್ಚು, ಸಿಗುವ ಜಾಗ ಕಡಿಮೆ.

ಕಾರು ಓಡಿಸಿ ಅಭ್ಯಾಸವಿದ್ದು ಬೈಕ್ ಗೊತ್ತಿಲ್ಲದಿದ್ದರೆ ಬಗ್ಗಿ ತೆಗೆದುಕೊಳ್ಳಿ. ಗಂಡ ಹೆಂಡತಿ ಮಾತಾಡಿಕೊಂಡು ಹೋಗಬೇಕು ಎಂದಿದ್ದರೂ ಬಗ್ಗಿಯೇ ಸರಿ. ಎಟಿವಿಯಲ್ಲಿ ಹಿಂದೆ ಕೂತವರ ಮಾತು ಹೆಲ್ಮೆಟ್ ಮತ್ತು ಎಂಜಿನ್ ಸದ್ದಿನ ನಡುವೆ ಕೇಳುವುದಿಲ್ಲ. ಎಟಿವಿಯಲ್ಲೂ ಸಿಂಗಲ್, ಟ್ಯಾಂಡೆಮ್ ಎಂದು ಎರಡು ಬಗೆ. ಟ್ಯಾಂಡೆಮ್ ಎಂದರೆ ಇಬ್ಬರು ಕೂರಲೆಂದೇ ಮಾಡಿದ ಉದ್ದ ಸೀಟಿನದು. ದುಡ್ಡು ಉಳಿಸಲು ಸಿಂಗಲ್ ಗಾಡಿಯ ಮೇಲೆ ಇಬ್ಬರು ಕೂರಬೇಡಿ. ಹಿಂದಿನವರ ಭಾರಕ್ಕೆ ಏರಿನಲ್ಲಿ ಮುಂದಿನ ಚಕ್ರ ಎದ್ದುಬಿಡುತ್ತದೆ.

ಅಮ್ಮನ ಪ್ರಶ್ನೆಗೆ ಬರೋಣ. ಬೆನ್ನು, ಕುತ್ತಿಗೆ, ಮಂಡಿ ನೋವಿದ್ದವರು, ಹೃದಯದ ತೊಂದರೆ ಇದ್ದವರು, ಇತ್ತೀಚೆಗೆ ಆಪರೇಷನ್ ಆದವರು, ಗರ್ಭಿಣಿಯರು ಎರಡರಲ್ಲೂ ಕೂರಬಾರದು. ಬಗ್ಗಿಯಲ್ಲಿ ಪಂಜರ ಇದೆ ನಿಜ, ಆದರೆ ಕುಲುಕಾಟ ಎಟಿವಿಯಷ್ಟೇ ಇರುತ್ತದೆ. ಹೊಂಡಕ್ಕೆ ಬಿದ್ದಾಗ ಎಟಿವಿ ಸವಾರ ಎದ್ದು ನಿಂತು ಪೆಟ್ಟು ತಪ್ಪಿಸಿಕೊಳ್ಳಬಹುದು. ಬಗ್ಗಿಯಲ್ಲಿ ಬೆಲ್ಟ್ ಹಾಕಿ ಕೂತವರ ಬೆನ್ನುಮೂಳೆ ಪೂರ್ತಿ ಪೆಟ್ಟು ತಿನ್ನುತ್ತದೆ. ಅಮ್ಮನಿಗೆ ಅರವತ್ತೈದು ದಾಟಿ ಬೆನ್ನು ನೋವೂ ಇದ್ದರೆ, ಬಾತುರ್ ಜ್ವಾಲಾಮುಖಿಯ ಬಳಿಯ ಕಿಂತಾಮಣಿಯಲ್ಲಿ ಡ್ರೈವರ್ ಓಡಿಸುವ ಜೀಪಿನ ಮುಂದಿನ ಸೀಟು ಎಷ್ಟೋ ವಾಸಿ. ಅದೂ ಕುಲುಕುತ್ತದೆ, ಆದರೆ ನಿಧಾನ ಎಂದರೆ ಡ್ರೈವರ್ ನಿಧಾನ ಮಾಡುತ್ತಾನೆ.

ಮಕ್ಕಳ ವಿಷಯದಲ್ಲಿ ಅಲ್ಲಿನವರು ಒಬ್ಬೊಬ್ಬರು ಒಂದೊಂದು ವಯಸ್ಸು ಹೇಳುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 16 ವರ್ಷಕ್ಕಿಂತ ಚಿಕ್ಕವರು ಎಟಿವಿ ಓಡಿಸಲೇಬಾರದು ಎನ್ನುತ್ತದೆ. ನಾನೂ ಅದಕ್ಕೇ ಅಂಟಿಕೊಳ್ಳುತ್ತೇನೆ. "ಪರವಾಗಿಲ್ಲ ಸರ್, ಓಡಿಸಲಿ" ಎಂದು ಅವರು ನಕ್ಕರೂ ಕೀ ಕೊಡಬೇಡಿ.

ಹಂತ 2: ಜಾಗ ಮತ್ತು ದಿನ

ಬಾಲಿಯಲ್ಲಿ ಈ ಸವಾರಿಗೆ ಮುಖ್ಯವಾಗಿ ಎರಡು ಸೀಮೆ.

ಒಂದು, ಉಬುದ್ ಸುತ್ತಮುತ್ತ. ಪಾಯಂಗನ್, ತೆಗಲಲಾಂಗ್ ಕಡೆ ಗದ್ದೆ ಬದು, ಬಿದಿರು ಮೆಳೆ, ತೆಂಗಿನ ತೋಟ, ಸಣ್ಣ ಹಳ್ಳ, ಕೆಲವೆಡೆ ಸುರಂಗ. ನಮ್ಮ ಮಲೆನಾಡಿನ ತೋಟದ ರಸ್ತೆಗೆ ಯಾರೋ ಬೇಕೆಂದೇ ನೀರು ಬಿಟ್ಟ ಹಾಗಿರುತ್ತದೆ. ನೀವು ವಿಡಿಯೋಗಳಲ್ಲಿ ನೋಡಿರುವ ಕೆಸರೆಲ್ಲ ಇಲ್ಲಿನದೇ.

ಇನ್ನೊಂದು, ಕಿಂತಾಮಣಿ ಸೀಮೆಯ ಬಾತುರ್ ಜ್ವಾಲಾಮುಖಿಯ ಬುಡ. ಬಾತುರ್ ಎತ್ತರ 1,717 ಮೀಟರ್. ಅದು ಹಲವು ಸಲ ಉಗುಳಿದ ಲಾವಾ ತಣ್ಣಗಾಗಿ ಕಪ್ಪು ಕಲ್ಲಿನ ಬಯಲಾಗಿ ನಿಂತಿದೆ. ಇಲ್ಲಿ ಕೆಸರಿಗಿಂತ ಕಪ್ಪು ಮರಳು, ದೂಳು, ಚೂಪು ಕಲ್ಲು ಹೆಚ್ಚು. ಬಿದ್ದರೆ ಚರ್ಮ ಕಿತ್ತುಬರುತ್ತದೆ. ಆದರೆ ನೋಟ ಮಾತ್ರ ಬಯಲಾಗಿ, ದೂರದವರೆಗೆ ಹರಡಿಕೊಂಡಿರುತ್ತದೆ. ಬೆಳಗಿನ ಜಾವ ಚಳಿ ಇರುವುದರಿಂದ ಸ್ವೆಟರ್ ಬೇಕು.

ಮೊದಲ ಸಲ ಹೋಗುವವರಿಗೆ ಉಬುದ್ ಎಂದೇ ಹೇಳುತ್ತೇನೆ. ಕೆಸರಿನಲ್ಲಿ ವೇಗ ತಾನಾಗಿಯೇ ಕಡಿಮೆ ಇರುತ್ತದೆ, ಬಿದ್ದರೂ ನೆಲ ಮೆತ್ತಗಿರುತ್ತದೆ.

ಏಪ್ರಿಲ್‌ನಿಂದ ಅಕ್ಟೋಬರ್ ಒಣಗಾಲ, ನವೆಂಬರ್‌ನಿಂದ ಮಾರ್ಚ್ ಮಳೆಗಾಲ. ಬಾಲಿ ಇರುವುದು ಭೂಮಧ್ಯರೇಖೆಯ ಕೆಳಗೆ, ಹಾಗಾಗಿ ನಮ್ಮ ಜೂನ್ ಮಳೆಯ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ. ಮಳೆಗಾಲದಲ್ಲಿ ಹೋಗುವುದಾದರೆ ಬೆಳಗಿನ ಮೊದಲ ಸರದಿ ಹಿಡಿಯಿರಿ, ಜೋರು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ಮಳೆ ಬಂದರೂ ಸವಾರಿ ನಿಲ್ಲಿಸುವುದಿಲ್ಲ ಎನ್ನುವುದು ನೆನಪಿರಲಿ. ಹಳ್ಳ ತುಂಬಿ ಹರಿದರೆ ಮಾತ್ರ ನಿಲ್ಲಿಸುತ್ತಾರೆ, ನಿಲ್ಲಿಸಲೇಬೇಕು ಕೂಡ.

ತಪ್ಪಿಸಲೇಬೇಕಾದ ಒಂದು ದಿನವಿದೆ. ನ್ಯೆಪಿ, ಬಾಲಿಯ ಶಕ ವರ್ಷದ ಹೊಸ ವರ್ಷ. ಆ ದಿನ ಇಡೀ ದ್ವೀಪ ಮೌನ. ವಿಮಾನ ನಿಲ್ದಾಣವೂ 24 ಗಂಟೆ ಮುಚ್ಚಿರುತ್ತದೆ. ಪ್ರವಾಸಿಗರೂ ಹೋಟೆಲ್ ಬಿಟ್ಟು ಹೊರಬರುವಂತಿಲ್ಲ. ಹಿಂದಿನ ಸಂಜೆ ದೊಡ್ಡ ದೊಡ್ಡ ಭೂತದ ಗೊಂಬೆಗಳ ಮೆರವಣಿಗೆ ಇರುವುದರಿಂದ ರಸ್ತೆಗಳೂ ಬಂದ್. ಶಕ ಎಂದ ಮೇಲೆ ಗೊತ್ತಾಗಿರಬೇಕು, ಇದು ನಮ್ಮ ಯುಗಾದಿಯ ನೆಂಟ. 2025ರಲ್ಲಿ ನ್ಯೆಪಿ ಮಾರ್ಚ್ 29ಕ್ಕೆ, ಯುಗಾದಿ ಮರುದಿನ. 2026ರಲ್ಲಿ ಎರಡೂ ಮಾರ್ಚ್ 19ಕ್ಕೆ. ಆದರೆ 2024ರಲ್ಲಿ ಎರಡರ ನಡುವೆ ಸುಮಾರು ಒಂದು ತಿಂಗಳ ಅಂತರವಿತ್ತು. ಹಾಗಾಗಿ ಮನೆಯ ಪಂಚಾಂಗ ನಂಬಿ ಟಿಕೆಟ್ ಮಾಡಿಸಬೇಡಿ. ಯುಗಾದಿ ರಜೆಗೆ ಹೊರಡುವವರು ಆ ವರ್ಷದ ನ್ಯೆಪಿ ಯಾವತ್ತು ಎಂದು ನೋಡಿಕೊಂಡೇ ಬುಕ್ ಮಾಡಿ.

ಒಂದೇ ದಿನ ಎರಡೆರಡು ಸಾಹಸ ತುರುಕುವವರಿಗೆ ಒಂದು ಮಾತು. ಎಟಿವಿ ಜೊತೆ ಆಯುಂಗ್ ನದಿಯ ರಾಫ್ಟಿಂಗ್ ಸೇರಿಸಿ ಮಾರುತ್ತಾರೆ. ತೆಗೆದುಕೊಳ್ಳುವುದಾದರೆ ಎಟಿವಿ ಮೊದಲು, ನದಿ ಆಮೇಲೆ. ಮೈಗೆ ಹತ್ತಿದ ಕೆಸರು ಅಲ್ಲೇ ತೊಳೆದುಹೋಗುತ್ತದೆ. ಬಾತುರ್ ಸೂರ್ಯೋದಯದ ಚಾರಣ ಮುಗಿಸಿ ಅದೇ ದಿನ ಎಟಿವಿಗೆ ಹೋಗಬೇಡಿ. ಬೆಳಗಿನ ಜಾವ ಎರಡಕ್ಕೇ ಎದ್ದ ಮೈ ಮಧ್ಯಾಹ್ನಕ್ಕೆ ತೂಕಡಿಸುತ್ತದೆ.

ಹಂತ 3: ಬುಕ್ ಮಾಡುವ ಮುನ್ನ ಕೇಳಬೇಕಾದ್ದು

ಬೆಲೆ ಓದುವುದೇ ಮೊದಲ ಗೊಂದಲ. ಇಂಡೊನೇಷ್ಯಾದ ಹಣ ರುಪಿಯಾ. 1 ಲಕ್ಷ ರುಪಿಯಾ ಎಂದರೆ ನಮ್ಮ ಐನೂರು ಚಿಲ್ಲರೆ ರೂಪಾಯಿ. ದರ ಏರಿಳಿಯುತ್ತಿರುತ್ತದೆ, ಹೊರಡುವ ಮುನ್ನ ನೋಡಿಕೊಳ್ಳಿ. "ರಿಬು" ಎಂದರೆ ಸಾವಿರ, "ಜುತಾ" ಎಂದರೆ ಹತ್ತು ಲಕ್ಷ. ಬೋರ್ಡಿನ ಮೇಲೆ ಮೂರು ಸೊನ್ನೆ ಬಿಟ್ಟು 600 ಕೆ ಎಂದಷ್ಟೇ ಬರೆದಿದ್ದರೆ ಅದು ಆರು ಲಕ್ಷ ರುಪಿಯಾ. ಚಿಲ್ಲರೆ ಕೊಡುವಾಗ, ಪಡೆಯುವಾಗ ಸೊನ್ನೆ ಎಣಿಸಿ. ಐದು ಸಾವಿರದ ನೋಟಿಗೂ ಐವತ್ತು ಸಾವಿರದ ನೋಟಿಗೂ ಬಣ್ಣ ಬೇರೆ, ಆದರೂ ಆತುರದಲ್ಲಿ ತಪ್ಪುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ಇವಿಷ್ಟನ್ನು ಬರಹದಲ್ಲಿ ಕೇಳಿ, ಉತ್ತರವನ್ನು ಸ್ಕ್ರೀನ್‌ಶಾಟ್ ಮಾಡಿ ಇಟ್ಟುಕೊಳ್ಳಿ:

ಗಾಡಿ ಓಡುವ ಹೊತ್ತು ಎಷ್ಟು? "ಎರಡು ಗಂಟೆ" ಎಂದಿದ್ದರೆ ಅದರಲ್ಲಿ ಬೂಟು ಹಾಕುವುದು, ಪಾಠ, ಫೋಟೋ, ಕಾಯುವುದು ಎಲ್ಲ ಸೇರಿರಬಹುದು.
ದಾರಿ ಪೂರ್ತಿ ಅವರ ಟ್ರ್ಯಾಕ್‌ನಲ್ಲೋ, ನಡುವೆ ಸಾರ್ವಜನಿಕ ರಸ್ತೆಯೂ ಬರುತ್ತದೋ?
ಎಷ್ಟು ಗಾಡಿಗೆ ಒಬ್ಬ ಗೈಡ್? ಐದಾರಕ್ಕೆ ಒಬ್ಬನಿದ್ದರೆ ಚೆನ್ನ. ಹತ್ತು ಹನ್ನೆರಡಕ್ಕೆ ಒಬ್ಬನೇ ಎಂದರೆ ಬೇರೆ ಕಡೆ ನೋಡಿ.
ಗಾಡಿಗೆ ಪೆಟ್ಟಾದರೆ ದುಡ್ಡು ಯಾರು ಕೊಡಬೇಕು?
ಹೋಟೆಲಿನಿಂದ ಕರೆದೊಯ್ಯುವುದು ಬೆಲೆಯಲ್ಲಿ ಸೇರಿದೆಯೋ?

ಕೊನೆಯದನ್ನು ಸಣ್ಣ ವಿಷಯ ಎಂದುಕೊಳ್ಳಬೇಡಿ. ವಿಮಾನ ನಿಲ್ದಾಣದಿಂದ ಉಬುದ್ ನಲವತ್ತು ಕಿಲೋಮೀಟರಿನೊಳಗೇ ಇದ್ದರೂ ಒಂದೂವರೆ ಗಂಟೆ ಹಿಡಿಯುವುದು ಮಾಮೂಲು. ಸಿಲ್ಕ್ ಬೋರ್ಡ್ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಕಡಲತೀರದ ಕುತಾ ಅಥವಾ ಸೆಮಿನ್ಯಾಕ್‌ನಲ್ಲಿ ಉಳಿದಿದ್ದು ಒಂಬತ್ತಕ್ಕೆ ಸವಾರಿ ಇದ್ದರೆ ಏಳಕ್ಕೆಲ್ಲ ಕಾರಿನಲ್ಲಿರಬೇಕು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿಯ ಏಳು ಎಂದರೆ ನಿಮ್ಮ ಮೈಗೆ ಬೆಳಗಿನ ನಾಲ್ಕೂವರೆ. ಹೋದ ಮರುದಿನವೇ ಸವಾರಿ ಬೇಡ ಎನ್ನುವುದು ಇದಕ್ಕೇ.

ಪಾಸ್‌ಪೋರ್ಟನ್ನು ಅಡವಾಗಿ ಇಟ್ಟು ಗಾಡಿ ಪಡೆಯಬೇಡಿ. ಪ್ರತಿ ಸಾಕು. ಮೂಲವೇ ಬೇಕು ಎಂದರೆ ಹೊರಟುಬಿಡಿ.

ಹಂತ 4: ಲೈಸೆನ್ಸ್ ಮತ್ತು ವಿಮೆ

ಖಾಸಗಿ ಟ್ರ್ಯಾಕ್‌ನಲ್ಲಿ ಗೈಡ್ ಹಿಂದೆ ಹೋಗುವಾಗ ಸಾಮಾನ್ಯವಾಗಿ ಯಾರೂ ಲೈಸೆನ್ಸ್ ಕೇಳುವುದಿಲ್ಲ. ಸಾರ್ವಜನಿಕ ರಸ್ತೆಗೆ ಇಳಿದರೆ ಕಥೆ ಬೇರೆ, ಅಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಅದನ್ನು ನಮ್ಮ ಆರ್‌ಟಿಒದಲ್ಲೇ ಮಾಡಿಸುತ್ತಾರೆ, ಗರಿಷ್ಠ ಒಂದು ವರ್ಷ ನಡೆಯುತ್ತದೆ. ಬಾಲಿಯಲ್ಲಿ ಬಾಡಿಗೆ ಸ್ಕೂಟರ್ ಓಡಿಸುವ ಯೋಚನೆ ಇದ್ದರಂತೂ ಇದಿಲ್ಲದೆ ಹೊರಡಬೇಡಿ.

ವಿಮೆಯಲ್ಲಿ ಎಡವುವವರೇ ಹೆಚ್ಚು. ವಿಮಾನ ಟಿಕೆಟ್ ಜೊತೆ ಒಂದು ಟಿಕ್ ಹಾಕಿ ಕೊಂಡ ಪ್ರವಾಸ ವಿಮೆಯ ಷರತ್ತುಗಳಲ್ಲಿ "ಅಡ್ವೆಂಚರ್ ಸ್ಪೋರ್ಟ್ಸ್ ಒಳಗೊಂಡಿಲ್ಲ" ಎಂಬ ಸಾಲು ಬಹಳ ಸಲ ಇರುತ್ತದೆ. ಎಟಿವಿ, ಕ್ವಾಡ್, ಆಫ್‌ರೋಡ್ ಎಂಬ ಪದಗಳನ್ನು ಪಾಲಿಸಿಯ ಪ್ರತಿಯಲ್ಲಿ ಹುಡುಕಿ. ಸ್ಪಷ್ಟವಿಲ್ಲದಿದ್ದರೆ ಕಂಪನಿಗೆ ಇಮೇಲ್ ಮಾಡಿ: "ಬಾಲಿಯಲ್ಲಿ ಗೈಡ್ ಜೊತೆ, ಹೆಲ್ಮೆಟ್ ಹಾಕಿ, ಖಾಸಗಿ ಟ್ರ್ಯಾಕ್‌ನಲ್ಲಿ ಎಟಿವಿ ಓಡಿಸುತ್ತೇನೆ. ಪೆಟ್ಟಾದರೆ ಆಸ್ಪತ್ರೆ ಖರ್ಚು ಕೊಡುತ್ತೀರಾ?" ಫೋನಿನಲ್ಲಿ "ಹೌದು ಸರ್" ಎಂದದ್ದು ಲೆಕ್ಕಕ್ಕಿಲ್ಲ, ಬರಹದಲ್ಲಿ ಬೇಕು. ಸವಾರಿ ನಡೆಸುವವರ ಟಿಕೆಟಿನಲ್ಲೂ "ವಿಮೆ ಸೇರಿದೆ" ಎಂದಿರುತ್ತದೆ. ಅದರ ಮಿತಿ ಎಷ್ಟು ಎಂದು ಕೇಳಿ. ಬ್ಯಾಂಡೇಜಿಗೆ ಸಾಲುವುದು ಬೇರೆ, ಮೂಳೆ ಕೂಡಿಸಲು ಸಾಲುವುದು ಬೇರೆ. ಹಿಂದಿನ ರಾತ್ರಿಯ ಬಿಯರ್ ಇನ್ನೂ ಮೈಯಲ್ಲಿದ್ದರೆ ಯಾವ ವಿಮೆಯೂ ನಿಮ್ಮ ಕೈ ಹಿಡಿಯುವುದಿಲ್ಲ.

ವೀಸಾ ಬಗ್ಗೆಯೂ ಕೇಳುತ್ತಾರೆ, ಎರಡೇ ಮಾತು. ಭಾರತೀಯರಿಗೆ 30 ದಿನದ ವೀಸಾ ಅಲ್ಲಿ ಇಳಿದ ಮೇಲೂ ಸಿಗುತ್ತದೆ, ಮುಂಚೆಯೇ ಆನ್‌ಲೈನ್‌ನಲ್ಲೂ ಮಾಡಿಸಬಹುದು, ಶುಲ್ಕ 5 ಲಕ್ಷ ರುಪಿಯಾ. 2024ರ ಫೆಬ್ರುವರಿಯಿಂದ ಬಾಲಿ ಪ್ರಾಂತ್ಯ ವಿದೇಶಿ ಪ್ರವಾಸಿಗರಿಂದ ಪ್ರತ್ಯೇಕವಾಗಿ 1.5 ಲಕ್ಷ ರುಪಿಯಾ ತೆರಿಗೆ ಪಡೆಯುತ್ತಿದೆ.

ಹಂತ 5: ಏನು ಹಾಕಿಕೊಳ್ಳಬೇಕು

ಮನೆಯಲ್ಲಿ ನೆಲ ಒರೆಸಲು ಎತ್ತಿಟ್ಟ ಟೀ ಶರ್ಟ್ ಇದೆಯಲ್ಲ, ಅದು. ಆ ಕೆಂಪು ಕಂದು ಕೆಸರು ಬಿಳಿ ಬಟ್ಟೆಯಿಂದ ಹೋಗುವುದಿಲ್ಲ. ಒಳಉಡುಪೂ ಹಳೆಯದೇ ಇರಲಿ, ಕೆಸರು ಅಲ್ಲಿಗೂ ತಲುಪುತ್ತದೆ. ಜೀನ್ಸ್ ಬೇಡ. ನೆನೆದರೆ ಭಾರವಾಗಿ ತೊಡೆ ಉಜ್ಜುತ್ತದೆ. ಬೇಗ ಒಣಗುವ ಟ್ರ್ಯಾಕ್ ಪ್ಯಾಂಟ್, ತುಂಬು ತೋಳಿನ ಅಂಗಿ ಸಾಕು.

ದುಪಟ್ಟಾ, ಸ್ಕಾರ್ಫ್, ತೂಗಾಡುವ ದಾರ ಯಾವುದೂ ಬೇಡ. ಬೈಕಿನ ಚಕ್ರಕ್ಕೆ ಸೆರಗು ಸಿಕ್ಕಿಕೊಂಡ ಸುದ್ದಿ ನಾವು ಓದಿಯೇ ಇದ್ದೇವೆ, ಎಟಿವಿಯ ಹಿಂದಿನ ಆಕ್ಸಲ್ ಅದಕ್ಕಿಂತ ಹತ್ತಿರದಲ್ಲಿರುತ್ತದೆ. ಉದ್ದ ಜಡೆಯನ್ನು ಅಂಗಿಯೊಳಗೆ ಹಾಕಿ. ಸರ, ಬಳೆ, ಉಂಗುರ ಹೋಟೆಲಿನ ಲಾಕರಿನಲ್ಲಿರಲಿ. ಮಾಂಗಲ್ಯ ತೆಗೆಯಲು ಮನಸ್ಸಿಲ್ಲದವರು ಅಂಗಿಯೊಳಗೆ ಹಾಕಿ ಪಿನ್ನು ಮಾಡಿಕೊಂಡದ್ದನ್ನು ನೋಡಿದ್ದೇನೆ, ಅಡ್ಡಿಯಿಲ್ಲ.

ಗಮ್‌ಬೂಟು ಅವರೇ ಕೊಡುತ್ತಾರೆ. ಆದರೆ ಮೊಣಕಾಲಿನವರೆಗಿನ ಕಾಲುಚೀಲ ನೀವೇ ಒಯ್ಯಿರಿ. ಹತ್ತಾರು ಜನ ಹಾಕಿ ಬಿಟ್ಟ ಒದ್ದೆ ಬೂಟಿನೊಳಗೆ ಬರಿಗಾಲು ಇಡುವುದು ಹಿತವಲ್ಲ, ಬೂಟಿನ ಬಾಯಿ ಮೀನಖಂಡವನ್ನೂ ತರಚುತ್ತದೆ. ಕನ್ನಡಕದವರು ಹಿಂದೆ ಕಟ್ಟುವ ದಾರ ಹಾಕಿಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಬೇಡ, ಕೆಸರು ನೀರು ಸೇರಿದರೆ ಕಣ್ಣಿಗೆ ಸೋಂಕು. ಒಣಗಾಲದಲ್ಲಿ ಮೂಗು ಬಾಯಿಗೆ ಕರ್ಚೀಫು. ಇನ್ನೊಂದು ಜೊತೆ ಬಟ್ಟೆ, ಟವೆಲ್, ಚಪ್ಪಲಿ, ಒದ್ದೆ ಬಟ್ಟೆ ತುಂಬಲು ಎರಡು ದಪ್ಪ ಪ್ಲಾಸ್ಟಿಕ್ ಚೀಲ. ಸವಾರಿ ಹೊರಡುವ ಮುನ್ನ ಮೊಬೈಲನ್ನು ಅಲ್ಲಿನ ಲಾಕರಿನಲ್ಲಿಡಿ. ನಡುವೆ ನಿಲ್ಲಿಸುವ ಜಾಗದಲ್ಲಿ ಗೈಡೇ ಫೋಟೋ ತೆಗೆಯುತ್ತಾನೆ. ಒಂದೇ ಕೈಯಲ್ಲಿ ಸೆಲ್ಫಿ ವಿಡಿಯೋ ಮಾಡುತ್ತ ಬಂದವರು ಹಳ್ಳದಲ್ಲಿ ಮೊಬೈಲ್ ಹುಡುಕುತ್ತ ನಿಂತದ್ದು ಎರಡು ಸಲ ಕಂಡಿದ್ದೇನೆ.

ಹಂತ 6: ಗಾಡಿ ಹತ್ತಿದ ಮೇಲೆ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ನಿಧಾನವಾಗಿ ಓದಿ.

ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು, ತಲೆ ಜೋರಾಗಿ ಅಲ್ಲಾಡಿಸಿ. ಹೆಲ್ಮೆಟ್ ತಾನೇ ಬೇರೆಯಾಗಿ ಅಲ್ಲಾಡಿದರೆ ಬದಲಿಸಿ ಕೊಡಲು ಹೇಳಿ. ಗಾಡಿಯ ಸುತ್ತ ಒಂದು ಸುತ್ತು ಬಂದು ಮೊದಲೇ ಮುರಿದ, ಬಿರಿದ ಜಾಗದ ವಿಡಿಯೋ ಮಾಡಿ. ಟೈರಿನಲ್ಲಿ ಗಾಳಿ ಕಡಿಮೆ ಇದೆ ಎಂದು ಗಾಬರಿಯಾಗಬೇಡಿ. ಸ್ಕೂಟರಿಗೆ ಮೂವತ್ತರ ಆಸುಪಾಸು ಪಿಎಸ್ಐ ಹಾಕಿಸುವ ನಮಗೆ ಎಟಿವಿಯ ಐದಾರು ಪಿಎಸ್ಐ ಪಂಕ್ಚರ್ ಹಾಗೆ ಕಾಣುತ್ತದೆ. ಟೈರು ಮೆತ್ತಗೆ ಹರಡಿಕೊಂಡರೇ ಕೆಸರಿನಲ್ಲಿ ಹಿಡಿತ ಸಿಗುವುದು.

ಮೂರು ಸಂಗತಿ ಎಲ್ಲಿವೆ ಎಂದು ಕೈಯಲ್ಲಿ ಮುಟ್ಟಿ ನೋಡಿ: ಬ್ರೇಕ್, ಗೇರ್, ಎಂಜಿನ್ ನಿಲ್ಲಿಸುವ ಕೆಂಪು ಸ್ವಿಚ್. ಕ್ಲಚ್ ಇರುವುದಿಲ್ಲ. ಮುಂದೆ, ನ್ಯೂಟ್ರಲ್, ಹಿಂದೆ ಅಷ್ಟೇ. ಕೆಂಪು ಸ್ವಿಚ್ಚನ್ನು ನೋಡದೆಯೇ ಮುಟ್ಟಲು ಬರುವವರೆಗೆ ಎರಡು ಮೂರು ಸಲ ಅಭ್ಯಾಸ ಮಾಡಿ.

ಇನ್ನು ಸ್ಕೂಟರ್ ಅಭ್ಯಾಸಗಳು.

ಮೊದಲನೆಯದು, ಕಾಲು. ಸ್ಕೂಟರ್ ವಾಲಿದರೆ ಕಾಲು ಊರುತ್ತೇವೆ, ಅದು ನಮ್ಮ ರಕ್ತದಲ್ಲಿದೆ. ಎಟಿವಿಯಲ್ಲಿ ಕಾಲು ಇಳಿಸಿದರೆ ಹಿಂದಿನಿಂದ ಬರುವ ಅದೇ ಗಾಡಿಯ ಚಕ್ರ ಆ ಕಾಲಿನ ಮೇಲೆ ಹತ್ತುತ್ತದೆ. ಪಾದ ಎಳೆದುಕೊಂಡು ಮೈಯನ್ನೂ ಎಳೆಯುತ್ತದೆ. ನನ್ನ ಮೊದಲ ಸವಾರಿಯ ಐದನೇ ನಿಮಿಷದಲ್ಲೇ ನಾನು ಕಾಲು ಇಳಿಸಿದ್ದೆ. ಬೂಟು ದಪ್ಪವಿತ್ತು, ಕೆಸರು ಮೆತ್ತಗಿತ್ತು, ಉಗುರು ಕಪ್ಪಾದದ್ದರಲ್ಲಿ ಮುಗಿಯಿತು. ಏನೇ ಆದರೂ ಎರಡೂ ಪಾದ ಗಾಡಿಯ ಪಾದಪಟ್ಟಿಯ ಮೇಲೆಯೇ ಇರಬೇಕು. ಗಾಡಿ ತಾನಾಗಿ ನಿಲ್ಲುತ್ತದೆ, ಅದಕ್ಕೆ ನಾಲ್ಕು ಚಕ್ರ ಇವೆ.

ಎರಡನೆಯದು, ಹಿಡಿತ. ಇದರ ಆಕ್ಸಿಲರೇಟರ್ ಹ್ಯಾಂಡಲ್ ತಿರುಚುವಂಥದ್ದಲ್ಲ, ಬಲಗೈ ಹೆಬ್ಬೆರಳಿನಿಂದ ಒತ್ತುವ ಸಣ್ಣ ಸನ್ನೆ, ಅಂದರೆ ಲಿವರ್. ಹೆದರಿದಾಗ ಮನುಷ್ಯ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯುತ್ತಾನೆ. ಬಿಗಿ ಹಿಡಿದರೆ ಹೆಬ್ಬೆರಳೂ ಒತ್ತುತ್ತದೆ. ಗಾಡಿ ಮುಂದಕ್ಕೆ ನೆಗೆಯುತ್ತದೆ, ಇನ್ನಷ್ಟು ಹೆದರುತ್ತೀರಿ, ಇನ್ನಷ್ಟು ಬಿಗಿ ಹಿಡಿಯುತ್ತೀರಿ. ಬಿದಿರು ಮೆಳೆಗೆ ನುಗ್ಗುವವರೆಲ್ಲ ನುಗ್ಗುವುದು ಹೀಗೆ. ಮದ್ದು ಒಂದೇ: ದಿಗಿಲಾದ ಕೂಡಲೇ ಹೆಬ್ಬೆರಳನ್ನು ಸನ್ನೆಯಿಂದ ಪೂರ್ತಿ ಎತ್ತಿ ಮೇಲಕ್ಕೆ ಮಾಡಿ, "ಚೆನ್ನಾಗಿದೆ" ಎಂದು ಹೆಬ್ಬೆರಳು ತೋರಿಸಿದ ಹಾಗೆ. ಗಾಡಿ ಹೊರಡುವ ಮುನ್ನ ನಿಂತಲ್ಲೇ ಇದನ್ನು ಹತ್ತು ಸಲ ಮಾಡಿ.

ಮೂರನೆಯದು, ತಿರುವು. ಸ್ಕೂಟರನ್ನು ವಾಲಿಸಿ ತಿರುಗಿಸುತ್ತೇವೆ. ಎಟಿವಿ ವಾಲುವುದಿಲ್ಲ. ಅದೂ ಅಲ್ಲದೆ ಇಂಥ ಬಹಳಷ್ಟು ಗಾಡಿಗಳಲ್ಲಿ ಹಿಂದಿನ ಎರಡು ಚಕ್ರ ಒಂದೇ ಗಟ್ಟಿ ಆಕ್ಸಲ್‌ಗೆ ಕಟ್ಟಿರುತ್ತವೆ. ಕಾರಿನಲ್ಲಾದರೆ ತಿರುವಿನ ಹೊರಗಿನ ಚಕ್ರ ಹೆಚ್ಚು ತಿರುಗುತ್ತದೆ, ಒಳಗಿನದು ಕಡಿಮೆ. ಇಲ್ಲಿ ಎರಡೂ ಸಮ ತಿರುಗುವುದರಿಂದ ಗಾಡಿಗೆ ನೇರ ಹೋಗುವ ಹಟ. ಹ್ಯಾಂಡಲ್ ತಿರುಗಿಸಿದರೂ ನೆಟ್ಟಗೆ ಗದ್ದೆಗೆ ಇಳಿಯುತ್ತದೆ. ಏನು ಮಾಡಬೇಕು? ತಿರುವಿಗೆ ಮೊದಲೇ ವೇಗ ಇಳಿಸಿ, ಹ್ಯಾಂಡಲ್ ತಿರುಗಿಸಿ, ನಿಮ್ಮ ಮೈಯನ್ನು ಮಾತ್ರ ತಿರುವಿನ ಒಳಬದಿಗೆ ಸರಿಸಿ. ಕುಂಡಿ ಸೀಟಿನ ಅಂಚಿಗೆ ಬರಲಿ. ಹಿಂದೆ ಕೂತವರೂ ಅದೇ ಕಡೆ ಸರಿಯಬೇಕು. ಹಿಂದಿನವರು ಹೆದರಿ ಆಚೆ ಕಡೆ ವಾಲಿದರೆ ಗಾಡಿ ಮಗುಚಲು ಅವರೇ ನೆರವಾದ ಹಾಗೆ.

ಏರಿನಲ್ಲಿ ಮೈ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ, ಪಕ್ಕದ ಓರೆಯಲ್ಲಿ ಎತ್ತರದ ಬದಿಗೆ. ಏರಿನ ಮಧ್ಯೆ ಗಾಡಿ ನಿಂತುಹೋದರೆ ಬ್ರೇಕ್ ಹಿಡಿದು ಗೈಡನ್ನು ಕೂಗಿ. ಅಲ್ಲೇ ಅಡ್ಡ ತಿರುಗಿಸಿ ಇಳಿಸಲು ಹೋದವರೇ ಮಗುಚುವುದು. ಇಳಿಜಾರಿನಲ್ಲಿ ಬ್ರೇಕನ್ನು ಬಿಟ್ಟು ಬಿಟ್ಟು ಮೆತ್ತಗೆ ಒತ್ತಿ. ಮುಂದಿನ ಬ್ರೇಕ್ ಒಂದನ್ನೇ ಜಗ್ಗಿದರೆ ಕೆಸರಿನಲ್ಲಿ ಮುಂದಿನ ಚಕ್ರ ಜಾರುತ್ತದೆ, ಜಾರುವ ಚಕ್ರಕ್ಕೆ ಹ್ಯಾಂಡಲ್ಲಿನ ಮಾತು ಕೇಳುವುದಿಲ್ಲ.

ಹಳ್ಳ ದಾಟುವಾಗ ಹೊಸಬರು ಎರಡು ತಪ್ಪು ಮಾಡುತ್ತಾರೆ: ನೀರು ಚಿಮ್ಮಲಿ ಎಂದು ಜೋರಾಗಿ ನುಗ್ಗುವುದು, ಇಲ್ಲ ಮಧ್ಯೆ ಹೆದರಿ ನಿಲ್ಲುವುದು. ಮುಂದಿನ ಗಾಡಿ ಆಚೆ ದಡ ಹತ್ತುವವರೆಗೆ ಕಾಯಿರಿ, ಅದು ಹೋದ ಜಾಡಿನಲ್ಲೇ ನಡಿಗೆಗಿಂತ ತುಸು ಹೆಚ್ಚಿನ ವೇಗದಲ್ಲಿ, ಹೆಬ್ಬೆರಳು ಏರಿಳಿಸದೆ ಒಂದೇ ಸಮ ಹೋಗಿ. ಸುರಂಗದೊಳಗೆ ಹೆಡ್‌ಲೈಟ್ ಹಾಕಿ, ಎದ್ದು ನಿಲ್ಲಬೇಡಿ. ಚಾವಣಿ ತಗ್ಗಿರುತ್ತದೆ.

ಬಗ್ಗಿ ಓಡಿಸುವವರಿಗೆ ಬೇರೆ ಎರಡು ಮಾತು. ಒಂದು, ಸ್ಟಿಯರಿಂಗ್ ಒಳಗೆ ಹೆಬ್ಬೆರಳು ಸುತ್ತಿ ಹಿಡಿಯಬೇಡಿ, ಅಂಚಿನ ಮೇಲಿಡಿ. ಚಕ್ರ ಕಲ್ಲಿಗೆ ಬಡಿದಾಗ ಸ್ಟಿಯರಿಂಗ್ ಗಿರ್ರನೆ ತಿರುಗುತ್ತದೆ, ಅದರ ಕಡ್ಡಿ ಹೆಬ್ಬೆರಳನ್ನು ಮುರಿಯಬಲ್ಲದು. ಎರಡು, ಗಾಡಿ ವಾಲುತ್ತಿದೆ ಎನಿಸಿದರೆ ಕೈಯನ್ನೋ ಕಾಲನ್ನೋ ಹೊರಚಾಚಿ ತಡೆಯಬೇಡಿ. ಆ ಪಂಜರ ಮಗುಚಿದಾಗ ಕಾಪಾಡುವುದು ಒಳಗಿರುವುದನ್ನು ಮಾತ್ರ. ಡ್ರೈವರ್ ಸ್ಟಿಯರಿಂಗ್ ಹಿಡಿಯಲಿ, ಪಕ್ಕದವರು ಮುಂದಿನ ಹಿಡಿಕೆ ಹಿಡಿಯಲಿ, ಬೆಲ್ಟ್ ಬಿಚ್ಚುವುದು ಗಾಡಿ ಪೂರ್ತಿ ನಿಂತ ಮೇಲೆ.

ಸಾಲಿನಲ್ಲಿ ನಿಮ್ಮ ಗುಂಪಿನ ಅತಿ ಹೆದರುವವರನ್ನು ಗೈಡ್ ಬೆನ್ನಿಗೇ ಹಾಕಿ. ಎಲ್ಲರೂ ಮಾಡುವ ಹಾಗೆ ಅವರನ್ನು ಕೊನೆಗೆ ಬಿಟ್ಟರೆ, ಹಿಂದುಳಿದೆವೆಂದು ಗಾಬರಿಯಾಗಿ ಅವರೇ ಎಲ್ಲರಿಗಿಂತ ಜೋರಾಗಿ ಓಡಿಸುತ್ತಾರೆ. ಜೊತೆಗೆ ದೂಳೂ ಅವರಿಗೇ. ಗಾಡಿಗೂ ಗಾಡಿಗೂ ನಡುವೆ ನಾಲ್ಕು ಗಾಡಿಯಷ್ಟು ಅಂತರ ಇರಲಿ.

ಗೈಡ್ ಕೂಗುವ ಮಾತುಗಳಲ್ಲಿ ನಾಲ್ಕು ಗೊತ್ತಿದ್ದರೆ ಒಳ್ಳೆಯದು. "ಪೆಲಾನ್ ಪೆಲಾನ್" ಎಂದರೆ ನಿಧಾನ. "ಹಾತಿ ಹಾತಿ" ಎಂದರೆ ಹುಷಾರು, ಆನೆ ಬಂತೆಂದು ಅಲ್ಲ. "ಕಿರಿ" ಎಡ, "ಕಾನಾನ್" ಬಲ.

ದಾರಿಯಲ್ಲಿ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ಊದುಬತ್ತಿ ಇಟ್ಟಿದ್ದು ಕಾಣುತ್ತದೆ. ಅದು ಚನಾಂಗ್ ಸಾರಿ, ದಿನನಿತ್ಯದ ನೈವೇದ್ಯ. ಅದರ ಮೇಲೆ ಗಾಡಿ ಹತ್ತಿಸಬೇಡಿ. ನಿಮ್ಮ ಗಾಡಿಯ ಮೇಲೇ ಒಂದನ್ನು ಇಟ್ಟಿದ್ದರೆ ಕಸ ಎಂದು ಎಸೆಯಬೇಡಿ. ಬಾಲಿಯವರಿಗೆ 210 ದಿನಕ್ಕೊಮ್ಮೆ ತುಂಪೆಕ್ ಲಂದೆಪ್ ಎಂಬ ಹಬ್ಬ ಬರುತ್ತದೆ. ಲೋಹದ ಆಯುಧ, ಹತಾರು, ಗಾಡಿಗಳಿಗೆಲ್ಲ ಪೂಜೆ. ಆ ದಿನ ಹೋದರೆ ಆಯುಧಪೂಜೆಯ ಮರುದಿನದ ನಮ್ಮ ಕೆಎಸ್ಆರ್‌ಟಿಸಿ ಬಸ್ಸಿನ ಹಾಗೆ ಸಿಂಗರಿಸಿಕೊಂಡ ಗಾಡಿ ಸಿಗಬಹುದು. ಗದ್ದೆ ಬದುಗಳ ಮೇಲೂ ಜಾಡು ಬಿಟ್ಟು ಹೋಗಬೇಡಿ. ಆ ಗದ್ದೆಗಳಿಗೆ ನೀರು ಹಂಚುವ ಸುಬಕ್ ಎಂಬ ಊರೊಟ್ಟಿನ ಪದ್ಧತಿಗೆ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿದೆ. ಅದಕ್ಕಿಂತ ಮುಖ್ಯ, ಬದು ಒಡೆದರೆ ಯಾರೋ ಒಬ್ಬ ರೈತ ಸಂಜೆ ಬಂದು ಮಣ್ಣು ಮೆತ್ತಬೇಕು.

ಹಂತ 7: ಊಟ

ಸವಾರಿಯ ಜೊತೆ ಊಟ ಸೇರಿರುತ್ತದೆ, ಸಾಮಾನ್ಯವಾಗಿ ನಾಸಿ ಗೊರೆಂಗ್, ಅಂದರೆ ಹುರಿದನ್ನ. ಮೇಲೊಂದು ಮೊಟ್ಟೆ, ಒಳಗೆ ಕೋಳಿ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಬೇಕು. ಬರೀ "ವೆಜ್" ಎಂದರೆ ಸಾಲದು, ಮೊಟ್ಟೆ ಮೀನು ಅದರಲ್ಲಿ ಬರಬಹುದು. "ತಾನ್ಪಾ ದಾಗಿಂಗ್, ತಾನ್ಪಾ ಇಕಾನ್, ತಾನ್ಪಾ ತೆಲುರ್" ಎನ್ನಿ: ಮಾಂಸ ಇಲ್ಲದೆ, ಮೀನು ಇಲ್ಲದೆ, ಮೊಟ್ಟೆ ಇಲ್ಲದೆ. ಕೊನೆಗೆ "ತಾನ್ಪಾ ತೆರಾಸಿ" ಸೇರಿಸಿ. ತೆರಾಸಿ ಎಂದರೆ ಸಿಗಡಿ ಅರೆದು ಹುಳಿಸಿದ ಮುದ್ದೆ, ಅಲ್ಲಿಯ ಸಾಂಬಲ್ ಚಟ್ನಿಗಳಲ್ಲಿ ಅದು ಅಡಗಿರುತ್ತದೆ. ಸೋಯಾದ ತೆಂಪೆ, ತಾಹು ಎರಡೂ ಸಿಗುತ್ತವೆ, ಹೊಟ್ಟೆಗೂ ಸಾಕಾಗುತ್ತವೆ.

ಹಂತ 8: ಗಾಡಿ ಇಳಿದ ಮೇಲೆ

ತರಚಿದ ಗಾಯವಿದ್ದರೆ ಕುಡಿಯುವ ಬಾಟಲಿ ನೀರು, ಸೋಪಿನಿಂದ ಅಲ್ಲೇ ತೊಳೆಯಿರಿ, ಹೋಟೆಲ್ ತಲುಪುವವರೆಗೆ ಕಾಯಬೇಡಿ. ಟೆಟನಸ್ ಚುಚ್ಚುಮದ್ದು ಹಾಕಿಸಿ ಬಹಳ ವರ್ಷವಾಗಿದ್ದರೆ ಹೊರಡುವ ಮುನ್ನವೇ ಊರಿನಲ್ಲಿ ಹಾಕಿಸಿಕೊಳ್ಳಿ. ನಾಯಿ, ಕೋತಿ ಕಚ್ಚಿದರೆ ಅಥವಾ ಪರಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಬಾಲಿಯಲ್ಲಿ 2008ರಿಂದ ರೇಬಿಸ್ ಇದೆ.

ಊರಿಗೆ ಬಂದ ಮೇಲೂ ಒಂದು ಕಣ್ಣಿಡಬೇಕು. ಗದ್ದೆ, ಹಳ್ಳದ ನೀರಿನಲ್ಲಿ ಇಲಿ ಮೂತ್ರದಿಂದ ಇಲಿಜ್ವರದ ರೋಗಾಣು ಇರಬಹುದು, ತರಚು ಗಾಯದಿಂದಲೋ ಕಣ್ಣಿನಿಂದಲೋ ಒಳಸೇರುತ್ತದೆ. ಕರಾವಳಿ, ಮಲೆನಾಡಿನವರಿಗೆ ಇದು ಹೊಸ ಹೆಸರಲ್ಲ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ, ಕೆಲವೊಮ್ಮೆ ತಿಂಗಳವರೆಗೂ ತಡವಾಗಿ ಜ್ವರ, ಮೀನಖಂಡದ ತೀವ್ರ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ "ಬಾಲಿಯಲ್ಲಿ ಕೆಸರು ನೀರಿನಲ್ಲಿ ಗಾಡಿ ಓಡಿಸಿದ್ದೆ" ಎಂದು ನೀವಾಗಿಯೇ ಹೇಳಿ. ಅವರು ಕೇಳುವುದಿಲ್ಲ. ಬೇಗ ಗೊತ್ತಾದರೆ ಆ್ಯಂಟಿಬಯಾಟಿಕ್‌ನಿಂದ ವಾಸಿಯಾಗುವ ಕಾಯಿಲೆ. ಬಾಲಿಯಲ್ಲಿ ಡೆಂಗೆಯೂ ಇರುವುದರಿಂದ ಎರಡನ್ನೂ ಪರೀಕ್ಷಿಸುತ್ತಾರೆ.

ಅಲ್ಲಿರುವಾಗಲೇ ದೊಡ್ಡ ಪೆಟ್ಟಾದರೆ ತುರ್ತು ಸಂಖ್ಯೆ 112. ದೆನ್‌ಪಸಾರ್‌ನಲ್ಲಿ ಭಾರತದ ಕಾನ್ಸುಲೇಟ್ ಇದೆ, ಅದರ ಸಂಖ್ಯೆಯನ್ನೂ ವಿಮಾ ಕಂಪನಿಯ ಸಂಖ್ಯೆಯನ್ನೂ ಮೊಬೈಲಿನಲ್ಲಷ್ಟೇ ಅಲ್ಲ, ಕಾಗದದಲ್ಲಿ ಬರೆದು ಜೊತೆಯವರ ಜೇಬಿನಲ್ಲಿಡಿ.

ಮರುದಿನ ಹೆಬ್ಬೆರಳು, ಮುಂಗೈ, ಸೊಂಟ ಹಿಡಿದುಕೊಂಡಿರುತ್ತದೆ. ಸ್ವಂತ ಶೂ ಹಾಕಿ ಹೋಗಿದ್ದರೆ ಆ ಒದ್ದೆ ಹವೆಯಲ್ಲಿ ಅದು ಒಣಗಲು ಎರಡು ದಿನ ಬೇಕು. ಆದ್ದರಿಂದ ಈ ಸವಾರಿಯನ್ನು ವಾಪಸ್ ವಿಮಾನದ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ಒದ್ದೆ ಶೂ ಇಟ್ಟ ಸೂಟ್‌ಕೇಸನ್ನು ಮನೆಗೆ ಬಂದು ತೆರೆದಾಗ ಬರುವ ವಾಸನೆಯನ್ನು ನಾನು ಬಲ್ಲೆ.